ಎತ್ತು ಹೂಡದ ದಿನ

ಹುಮನಾಬಾದ
12 ಡಿಸೆಂಬರ್ 1995

ಚಿ. ದೀಪಾಲಿಗೆ ಗುರುಲಿಂಗ ಮಾಸ್ತರನ ಆಶೀರ್ವಾದ.

ನಿನ್ನ ಇನ್ನೂರ ಹತ್ತು ಫಾರಂಗಳನ್ನು ಮೂರು ಕಟ್ಟು ಮಾಡಿ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ರಾಜೇಶ್ವರದ್ದು ಒಂದು, ಕೊಡಂಬಲದ್ದು ಒಂದು, ಗೋರ್ಟಾದ್ದು ಒಂದು. ಬಸವಕಲ್ಯಾಣದ ಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದವನು ಈಗ ಊರೂರು ಅಲೆದು, ಯಾರ ಮನೆಯಲ್ಲಿ ಯಾರು ಎಷ್ಟು ರೊಟ್ಟಿ ತಿಂದರು ಎಂದು ಕೇಳುವಂತಾಯಿತು. ನನ್ನ ಕೈಯಲ್ಲಿ ಕಲಿತವರಲ್ಲಿ ಡಾಕ್ಟರರಿದ್ದಾರೆ, ತಹಶೀಲ್ದಾರರಿದ್ದಾರೆ. ಅವರ್ಯಾರೂ ನನಗೆ ಇಂಥ ಕೆಲಸ ಹಚ್ಚಲಿಲ್ಲ. ನೀನು ಅರ್ಥಶಾಸ್ತ್ರ ಓದಿ ಹಚ್ಚಿದೆ.

ಫಾರಂ ಬಗ್ಗೆ ಹೇಳುವುದು ಬಹಳ ಇದೆ. ರೊಟ್ಟಿಯ ತೂಕ ಗ್ರಾಂನಲ್ಲಿ ಬರೆಯಿರಿ ಎಂದಿದ್ದೀ. ರಾಜೇಶ್ವರದ ರೊಟ್ಟಿ ಅಗಲ, ತೆಳು. ಕೊಡಂಬಲದ್ದು ಸಣ್ಣದು, ದಪ್ಪ. ನೀನು ಕಳಿಸಿದ ಕೊಕ್ಕೆಯ ತಕ್ಕಡಿಗೆ ರೊಟ್ಟಿ ಸಿಗಿಸಿದರೆ ಹರಿದು ಬೀಳುತ್ತದೆ. ಕೊನೆಗೆ ನನ್ನ ಮನೆಯವಳು, ನಿಮ್ಮ ಕಸ್ತೂರಿ ಕಾಕು, ಅರಿವೆಯಲ್ಲಿ ಕಟ್ಟಿ ತೂಗಿದಳು. ಗೋರ್ಟಾದ ಒಬ್ಬ ಅಜ್ಜಿ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ನಲವತ್ತೆಂಟರಲ್ಲಿ ರಜಾಕಾರರ ಕೈಯಲ್ಲಿ ಹೋದವರಿಂದ ಎಣಿಸಲು ಶುರು ಮಾಡಿದಳು. ಅವರನ್ನು ಬರೆಯಲು ನಿನ್ನ ಫಾರಂನಲ್ಲಿ ಜಾಗವಿಲ್ಲ. ಅಂಚಿನಲ್ಲಿ ಬರೆದಿದ್ದೇನೆ.

ನಾವು ಕೆಲಸ ಮಾಡಿದ ರೀತಿ ಹೀಗೆ. ಎತ್ತು ಹೂಡದ ದಿನ ನೋಡಿಕೊಂಡು ಹೋಗುತ್ತಿದ್ದೆವು, ಅಂದರೆ ಎಲ್ಲರೂ ಮನೆಯಲ್ಲೇ ಸಿಗುತ್ತಾರೆ. ಕಸ್ತೂರಿ ಒಳಗೆ ಒಲೆಯ ಹತ್ತಿರ ಕೂತು ಹೆಂಗಸರನ್ನು ಕೇಳಿ ಉತ್ತರವನ್ನು ಕೂಗಿ ಹೇಳುತ್ತಿದ್ದಳು. ನಾನು ಯಜಮಾನನ ಜೊತೆ ಕಟ್ಟೆಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ. ನಿನ್ನೆ ಸಂಜೆಯಿಂದ ಇವತ್ತು ಸಂಜೆವರೆಗೆ ಉಂಡದ್ದು ಅಂತ ನೀನು ಹೇಳಿದ ಹಾಗೆಯೇ ಕೇಳಿದ್ದೇವೆ. ಮೂವತ್ತೇಳನೆಯ ಪ್ರಶ್ನೆ, 'ಇದು ವಿಶೇಷ ದಿನವೇ?' ಎಂಬುದಕ್ಕೆ ಎಲ್ಲ ಕಡೆ 'ಅಲ್ಲ' ಎಂದೇ ಇದೆ. ಹಬ್ಬದ ದಿನ ಹೋಗುವಷ್ಟು ದಡ್ಡ ನಾನಲ್ಲ.

ನಿನ್ನ
ಗುರುಲಿಂಗ


ದೆಹಲಿ
3 ಫೆಬ್ರವರಿ 1996

ಮಾಸ್ತರರಿಗೆ, ಕಸ್ತೂರಿ ಕಾಕುವಿಗೆ ಶರಣು.

ಕಟ್ಟುಗಳು ಬಂದವು. ದಯವಿಟ್ಟು ಇನ್ನು ಮೇಲೆ ಅಂಚಿನಲ್ಲಿ ಬರೆಯಬೇಡಿ. 'ಈ ಮನೆಯ ಸೊಸೆ ಬಹಳ ಜಾಣೆ', 'ಯಜಮಾನ ಬಾಯಿಬಡುಕ' ಎಂದೆಲ್ಲ ಬರೆದರೆ ಅದನ್ನು ಕಂಪ್ಯೂಟರಿಗೆ ಹೇಗೆ ಹಾಕಲಿ? ಇಲ್ಲಿ ನನ್ನ ಸಹಾಯಕರು ಒಂದು ವಾರ ನಿಮ್ಮ ಅಂಚುಗಳನ್ನೇ ಓದಿ ನಕ್ಕರು.

ಆದರೆ ಅಂಕಿಗಳನ್ನು ನೋಡಿ ಎಲ್ಲರ ನಗು ನಿಂತಿತು. ಗಂಡಸು ಸರಾಸರಿ ಏಳು ರೊಟ್ಟಿ, ಹೆಂಗಸು ಮೂರು. ಮೂರೂ ಊರುಗಳಲ್ಲಿ ಹೀಗೆಯೇ. ಈ ದೇಶದಲ್ಲಿ ಎಲ್ಲೂ ಇಷ್ಟು ದೊಡ್ಡ ಅಂತರ ದಾಖಲಾಗಿಲ್ಲ. ಮಾಸ್ತರರೇ, ಇದು ಸರಿಯೇ? ಹೆಂಗಸರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡಿರಿ ತಾನೆ? ಇನ್ನೊಮ್ಮೆ ನೆನಪು ಮಾಡಿಕೊಂಡು ತಿಳಿಸಿ.

ದೀಪಾಲಿ


ಹುಮನಾಬಾದ
19 ಫೆಬ್ರವರಿ 1996

ದೀಪಾಲಿ,

ಏಳನೆಯ ತರಗತಿಯಲ್ಲಿ ನೀನು ಪುಸ್ತಕದ ಹಿಂದಿನ ಉತ್ತರ ನೋಡಿ ಲೆಕ್ಕ ಬರೆದಾಗ ನಾನು ನಿನ್ನನ್ನು ಅನುಮಾನಿಸಿದ್ದೆ. ಆಗ ನನ್ನ ಅನುಮಾನ ಸರಿಯಾಗಿತ್ತು. ಈಗ ನೀನು ನನ್ನನ್ನು ಅನುಮಾನಿಸಿದ್ದೀ, ಅದು ಸರಿಯಲ್ಲ. ಕಸ್ತೂರಿ ಏನು ಕೂಗಿದಳೋ ಅದನ್ನೇ ಬರೆದಿದ್ದೇನೆ. ಒಂದು ತುತ್ತು ಹೆಚ್ಚಿಲ್ಲ, ಒಂದು ತುತ್ತು ಕಡಿಮೆ ಇಲ್ಲ.

ಈ ವಿಷಯವಾಗಿ ಮತ್ತೆ ಬರೆಯಬೇಡ.

ಗುರುಲಿಂಗ


ದೆಹಲಿ
9 ಸೆಪ್ಟೆಂಬರ್ 1998

ಮಾಸ್ತರರಿಗೆ ಶರಣು.

ಎರಡೂವರೆ ವರ್ಷ ಮೌನವಾಗಿದ್ದೀರಿ. ನಾನೂ ಇದ್ದೆ. ಇವತ್ತು ಸಿಟ್ಟು ಬದಿಗಿಟ್ಟು ಕೇಳಿ. ನಿಮ್ಮ ಫಾರಂಗಳ ಮೇಲೆ ಬರೆದ ಪ್ರಬಂಧ ಅಚ್ಚಾಗಿದೆ. ಮೂರು ದೇಶಗಳಲ್ಲಿ ಅದನ್ನು ಓದಿ ಬಂದೆ. 'ರೊಟ್ಟಿಯ ಅಂತರ' ಎಂದು ಅದಕ್ಕೊಂದು ಹೆಸರೇ ಬಿದ್ದಿದೆ. ಕೆಳಗೆ ಅಡಿಟಿಪ್ಪಣಿಯಲ್ಲಿ ನಿಮ್ಮ ಹೆಸರೂ ಕಾಕುವಿನ ಹೆಸರೂ ಇವೆ, ಪ್ರತಿ ಕಳಿಸಿದ್ದೇನೆ.

ಅದಕ್ಕಿಂತ ದೊಡ್ಡ ಮಾತು ಇದು. ಪ್ರಬಂಧ ಓದಿದ ಒಂದು ಟ್ರಸ್ಟಿನವರು ರಾಜೇಶ್ವರ ಮತ್ತು ಕೊಡಂಬಲದಲ್ಲಿ ಹೆಂಗಸರಿಗೆ ದಿನಾ ಮಧ್ಯಾಹ್ನದ ಊಟ ಹಾಕಲು ಒಪ್ಪಿದ್ದಾರೆ. ಮೂರು ವರ್ಷ ನಡೆಸಿ ನೋಡುತ್ತಾರೆ, ಚೆನ್ನಾಗಿ ನಡೆದರೆ ಇಡೀ ಜಿಲ್ಲೆಗೆ. ಅವರ ಮೇಲ್ವಿಚಾರಕ ಗಯಾಸುದ್ದೀನ್ ಎಂಬವರು ನಿಮ್ಮನ್ನು ಕಾಣಲು ಬರುತ್ತಾರೆ. ಅವರ ಮೇಲೆ ರೇಗಬೇಡಿ.

ದೀಪಾಲಿ


ಹುಮನಾಬಾದ
22 ಜೂನ್ 1999

ಚಿ. ದೀಪಾಲಿಗೆ ಆಶೀರ್ವಾದ.

ಗಯಾಸುದ್ದೀನರ ಮೇಲೆ ನಾನು ರೇಗಿಲ್ಲ. ಒಳ್ಳೆಯ ಮನುಷ್ಯ. ರೇಗುವುದೇನಿದ್ದರೂ ನಿನ್ನ ಟ್ರಸ್ಟಿನ ಮೇಲೆ. ಜನವರಿಯಿಂದ ಊಟ ಶುರುವಾಗಿದೆ. ಕೊಡಂಬಲದಲ್ಲಿ ಅಡುಗೆಗೆ ಸಂಗಮ್ಮ ಎಂಬವಳನ್ನು ಇಟ್ಟಿದ್ದಾರೆ. ತೊಗರಿಬೇಳೆ, ಪುಂಡಿಪಲ್ಯ, ಬಿಸಿ ರೊಟ್ಟಿ. ಅವಳ ಕೈರುಚಿ ಚೆನ್ನಾಗಿದೆ, ಹೆಂಗಸರು ಸಾಲುಗಟ್ಟಿ ಬರುತ್ತಾರೆ. ಇಷ್ಟು ವರ್ಷಕ್ಕೆ ನಿನ್ನ ಅರ್ಥಶಾಸ್ತ್ರದಿಂದ ಒಂದು ಉಪಯೋಗವಾಯಿತು ಎಂದು ಕಸ್ತೂರಿಗೆ ಹೇಳಿದೆ.

ತಕರಾರು ಏನೆಂದರೆ, ಸೋಮವಾರ ಬೇಯಿಸಿದ ಅಡುಗೆ ಹಾಗೆಯೇ ಉಳಿಯುತ್ತದೆ. ಕುರಿಯವರ ಮನೆಯ ಮಾಣಿಕಮ್ಮ ಮತ್ತು ಅವಳ ಇಬ್ಬರು ಸೊಸೆಯಂದಿರು ಬಿಟ್ಟರೆ ಯಾರೂ ಬರುವುದಿಲ್ಲ. ಸೋಮವಾರ ರಜೆ ಕೊಡಿ ಎಂದು ಸಂಗಮ್ಮ ಕೇಳಿದರೆ, ವಾರದಲ್ಲಿ ಏಳು ದಿನ ಎಂದು ಕರಾರಿನಲ್ಲಿ ಇದೆಯಂತೆ. ಮೇಲಿನವರು ಗಯಾಸುದ್ದೀನರಿಗೆ ನೋಟೀಸು ಕೊಟ್ಟಿದ್ದಾರೆ. ಊಟ ಉಳಿಯುತ್ತದೆಂದರೆ ಈ ಹೆಂಗಸರಿಗೆ ಹಸಿವೇ ಇಲ್ಲ ಎಂದು ಬರೆದಿದ್ದಾರಂತೆ. ನೀನು ಅವರಿಗೆ ಬುದ್ಧಿ ಹೇಳು.

ಗುರುಲಿಂಗ


ದೆಹಲಿ
5 ಜುಲೈ 1999

ಮಾಸ್ತರರಿಗೆ,

ನಿಮ್ಮ ಪತ್ರ ಓದಿ ತಲೆ ಕೆಟ್ಟಿದೆ. ಆರು ದಿನ ಬಂದವರು ಏಳನೆಯ ದಿನ ಬರುವುದಿಲ್ಲ ಎಂದರೆ ಅಲ್ಲಿ ಏನೋ ಜಗಳವಿದೆ. ಕುರಿಯವರ ಮನೆಯವರು ಮಾತ್ರ ಬರುತ್ತಾರೆ, ಉಳಿದವರು ಬರುವುದಿಲ್ಲ ಎಂದಿದ್ದೀರಿ. ಪಂಕ್ತಿಯ ಜಗಳವೇ? ಅಥವಾ ಸೋಮವಾರ ಸಂಗಮ್ಮ ಮನಸ್ಸಿಟ್ಟು ಮಾಡುವುದಿಲ್ಲವೇ? ಇದನ್ನು ವಿಚಾರಿಸದೆ ಟ್ರಸ್ಟಿಗೆ ಬುದ್ಧಿ ಹೇಳು ಎಂದರೆ ನಾನು ಏನೆಂದು ಹೇಳಲಿ? ಡಿಸೆಂಬರಿನಲ್ಲಿ ಇಲ್ಲಿ ನನ್ನ ಪ್ರೊಫೆಸರ್ ಹುದ್ದೆಯ ಸಂದರ್ಶನ ಇದೆ. ಆ ಸಮಿತಿಯಲ್ಲಿ ಟ್ರಸ್ಟಿನವರೊಬ್ಬರು ಕೂರುತ್ತಾರೆ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ದೀಪಾಲಿ


ಹುಮನಾಬಾದ
16 ಜುಲೈ 1999

ದೀಪಾಲಿ,

ನೀನು ಬಸವಕಲ್ಯಾಣದಲ್ಲಿ ಹುಟ್ಟಿದವಳೋ, ದೆಹಲಿಯಲ್ಲಿ ಹುಟ್ಟಿದವಳೋ? ಜಗಳವಂತೆ, ಪಂಕ್ತಿಯಂತೆ. ಸೋಮವಾರ ಮಧ್ಯಾಹ್ನ ಯಾವ ಹೆಂಗಸು ಉಣ್ಣುತ್ತಾಳೆ? ಒಪ್ಪತ್ತು ಇರುವುದಿಲ್ಲವೇ? ಸಂಜೆ ದೀಪ ಹಚ್ಚಿ ಪೂಜೆ ಮಾಡಿದ ಮೇಲೆಯೇ ಊಟ. ನಿಮ್ಮವ್ವ ಸೋಮವಾರ ಮಧ್ಯಾಹ್ನ ಉಂಡದ್ದನ್ನು ನೀನು ನೋಡಿದ್ದೀಯಾ? ಕುರಿಯವರ ಮನೆಗಳಲ್ಲಿ ಈ ಒಪ್ಪತ್ತು ಇಲ್ಲ, ಅದಕ್ಕೆ ಅವರು ಬರುತ್ತಾರೆ. ಇಷ್ಟೇ ಕಥೆ.

ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನಿನ್ನ ಫಾರಂ ತುಂಬಲು ನಾವು ಹೋಗುತ್ತಿದ್ದದ್ದೇ ಸೋಮವಾರ. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲವಲ್ಲ, ಗಂಡಸರೆಲ್ಲ ಮನೆಯಲ್ಲಿರುತ್ತಾರೆ. ಮನೆಮನೆಯಲ್ಲೂ ಗಂಡಸರು ಉಂಡು ಎದ್ದಿರುತ್ತಿದ್ದರು, ಹೆಂಗಸರು ಬರೀ ಚಹಾದ ಮೇಲೆ ಇರುತ್ತಿದ್ದರು. ಕಸ್ತೂರಿಗೂ ಒಪ್ಪತ್ತು. ಅವಳೂ ಉಪವಾಸ ತಿರುಗಿದ್ದಾಳೆ ನಿನ್ನ ಕೆಲಸಕ್ಕೆ.

ಟ್ರಸ್ಟಿನವರಿಗೆ ಇದನ್ನು ತಿಳಿಸಿ ಸೋಮವಾರದ ರಜೆ ಕೊಡಿಸು.

ಗುರುಲಿಂಗ


ದೆಹಲಿ
24 ಜುಲೈ 1999

ಮಾಸ್ತರರೇ,

ಒಂದೇ ಪ್ರಶ್ನೆ. ಇನ್ನೂರ ಹತ್ತು ಮನೆಗಳಿಗೂ ಸೋಮವಾರವೇ ಹೋಗಿದ್ದಿರಾ? ಕೂಡಲೇ ತಿಳಿಸಿ.

ದೀಪಾಲಿ


ಹುಮನಾಬಾದ
2 ಆಗಸ್ಟ್ 1999

ದೀಪಾಲಿ,

ಇಲ್ಲ. ನೂರ ಎಂಬತ್ತೊಂಬತ್ತು ಮನೆ ಸೋಮವಾರ. ಬಸ್ಸು ತಪ್ಪಿ ಉಳಿದುಕೊಂಡಾಗ ಇಪ್ಪತ್ತೊಂದು ಮನೆ ಮಂಗಳವಾರ ಬೆಳಿಗ್ಗೆ, ಆ ಹೆಂಗಸರಿಗೂ ಹಿಂದಿನ ದಿನದ್ದೇ ಕೇಳಿದ್ದು. ಕುರಿಯವರು ದಿನಾ ಕುರಿ ಮೇಯಿಸಲು ಹೋಗುವವರು, ಸೋಮವಾರವೂ ಮನೆಯಲ್ಲಿ ಸಿಗಲಿಲ್ಲ, ಅವರ ಬದಲು ಪಕ್ಕದ ಮನೆ ಬರೆದೆವು. ರಜೆಯ ವಿಷಯ ಏನಾಯಿತು?

ಗುರುಲಿಂಗ


ದೆಹಲಿ
11 ಜನವರಿ 2000

ಮಾಸ್ತರರಿಗೆ,

ಐದು ತಿಂಗಳು ನಿಮಗೆ ಬರೆಯಲಿಲ್ಲ. ನಾಲ್ಕು ಪತ್ರ ಬರೆದು ಹರಿದೆ. ಅವು ನೀವು ಓದುವಂಥವಾಗಿರಲಿಲ್ಲ.

ಏನಾಗಿದೆ ಎಂದು ನಿಮಗೆ ಇನ್ನೂ ತಿಳಿದಿಲ್ಲ ಎಂದು ಕಾಣುತ್ತದೆ. ನೀವು ವಾರದಲ್ಲಿ ಹೆಂಗಸರು ಉಣ್ಣದ ಒಂದೇ ದಿನವನ್ನು ಆರಿಸಿ ಆ ದಿನ ಎಷ್ಟು ಉಂಡಿರಿ ಎಂದು ಕೇಳಿದ್ದೀರಿ. ಆ ಉತ್ತರವನ್ನು ನಾನು ಏಳು ದಿನದ ಸತ್ಯವೆಂದು ಲೋಕಕ್ಕೆಲ್ಲ ಹೇಳಿಕೊಂಡು ಬಂದೆ. ಮೂವತ್ತೇಳನೆಯ ಪ್ರಶ್ನೆ ಇದ್ದದ್ದೇ ಇದಕ್ಕೆ. ವಿಶೇಷ ದಿನವೇ ಎಂದರೆ ಹಬ್ಬ, ನೆಂಟರು, ಉಪವಾಸ ಎಂದು ಅರ್ಥ. ಇನ್ನೂರ ಹತ್ತು ಸಲ 'ಅಲ್ಲ' ಎಂದು ಬರೆದಿರಲ್ಲ ಮಾಸ್ತರರೇ, ಒಂದು ಸಲವೂ ಕೈ ತಡೆಯಲಿಲ್ಲವೇ?

ಬೈಯುವಷ್ಟು ಬೈದೆ. ಇನ್ನು ನನ್ನದು. ಆ ಪ್ರಶ್ನೆಯನ್ನು ಕನ್ನಡಕ್ಕೆ ಮಾಡಿದವಳು ನಾನು, ಉಪವಾಸ ಎಂಬ ಮಾತನ್ನು ಬಿಟ್ಟವಳೂ ನಾನು. ಅವ್ವನ ಸೋಮವಾರ ನನಗೆ ಮರೆತೇ ಹೋಗಿತ್ತು. ಅಂಕಿ ದೊಡ್ಡದಾಗಿತ್ತು, ನನಗೆ ಬೇಕಾದಂತೆ ಇತ್ತು, ಅದಕ್ಕೇ ನಾನು ಯಾವ ವಾರ ಎಂದು ಕೇಳಲಿಲ್ಲ. ಡಿಸೆಂಬರಿನ ಸಂದರ್ಶನಕ್ಕೆ ಹೋಗಲಿಲ್ಲ.

ತಪ್ಪನ್ನು ಅಚ್ಚಿನಲ್ಲಿ ಒಪ್ಪಿಕೊಳ್ಳಬೇಕು. ಅದಕ್ಕೆ ಮೊದಲು ಸರಿಯಾದ ಅಂಕಿ ಬೇಕು. ಅದೇ ಊರುಗಳಿಗೆ, ವಾರದ ಏಳೂ ದಿನ ಹಂಚಿಕೊಂಡು, ಕುರಿಯವರನ್ನೂ ಸೇರಿಸಿ, ಇನ್ನೊಮ್ಮೆ ಹೋಗುತ್ತೀರಾ? ಹೊಸ ಫಾರಂ ಕಳಿಸುತ್ತಿದ್ದೇನೆ.

ದೀಪಾಲಿ


ಹುಮನಾಬಾದ
30 ಜನವರಿ 2000

ದೀಪಾಲಿ,

ವಾರಕ್ಕೊಮ್ಮೆ ತಪ್ಪದೆ ಬರುವ ದಿನ ವಿಶೇಷ ದಿನ ಹೇಗಾಗುತ್ತದೆ? ವರ್ಷಕ್ಕೆ ಐವತ್ತೆರಡು ಸಲ ಬರುವುದನ್ನು ವಿಶೇಷ ಎಂದು ಕರೆದರೆ ನಿಘಂಟಿನವರು ನನಗೆ ಹೊಡೆಯುತ್ತಾರೆ. ಉಪವಾಸವೇ ಎಂದು ಕೇಳಿದ್ದರೆ ಹೌದು ಎನ್ನುತ್ತಿದ್ದೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ನಾನು ಮತ್ತೆ ಹೋಗುವುದಿಲ್ಲ ಎಂದು ಕಸ್ತೂರಿಗೆ ಹೇಳಿದೆ. ಅವಳು ಚೀಲಕ್ಕೆ ತಕ್ಕಡಿ ಹಾಕಿಕೊಂಡು, "ನೀವು ಬರ್ರಿ, ಬಿಡ್ರಿ. ನಾ ಹೊಂಟೀನಿ. ಆ ಹುಡುಗಿ ಹೆಸರು ಹೋಗಾಕತ್ತದ" ಎಂದಳು. ಬರೆಯಲು ಒಬ್ಬರು ಬೇಕಲ್ಲ ಎಂದು ನಾನೂ ಹೊರಟಿದ್ದೇನೆ. ನಿನ್ನ ಮೇಲಿನ ಸಿಟ್ಟು ಹಾಗೆಯೇ ಇದೆ.

ಗುರುಲಿಂಗ


ದೆಹಲಿ
14 ಸೆಪ್ಟೆಂಬರ್ 2001

ಮಾಸ್ತರರಿಗೆ ಶರಣು.

ಕಳೆದ ವರ್ಷ ನೀವು ಕಳಿಸಿದ ಹೊಸ ಫಾರಂಗಳ ಅಂಚುಗಳು ಖಾಲಿಯಾಗಿದ್ದವು. ಅಂದೇ ನಿಮ್ಮ ಸಿಟ್ಟು ಎಷ್ಟೆಂದು ತಿಳಿಯಿತು. ಅಲ್ಲಿಂದ ಮೂರು ಪತ್ರ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ಇದನ್ನಾದರೂ ಓದಿ.

ತಿದ್ದುಪಡಿ ಅಚ್ಚಾಯಿತು. ಗಂಡಸು ಏಳು ರೊಟ್ಟಿ, ಹೆಂಗಸು ಐದೂವರೆ. 'ರೊಟ್ಟಿಯ ಅಂತರ' ಎಂಬುದು ಸೋಮವಾರದ ಒಪ್ಪತ್ತು ಎಂದು ನಾನೇ ಬರೆದೆ. ಮೂರು ದೇಶಗಳಲ್ಲಿ ಚಪ್ಪಾಳೆ ತಟ್ಟಿದವರು ಈಗ ನಗುತ್ತಿದ್ದಾರೆ. ನಗಲಿ, ಅದನ್ನು ತಡೆದುಕೊಳ್ಳುತ್ತೇನೆ. ತಡೆಯಲಾಗದ್ದು ಬೇರೆ ಇದೆ. ಟ್ರಸ್ಟಿನವರು ಮೂರು ವರ್ಷ ತುಂಬುವವರೆಗೂ ಕಾಯದೆ ಊಟ ನಿಲ್ಲಿಸಿದರು. ಒಂದೂವರೆ ರೊಟ್ಟಿಯ ವ್ಯತ್ಯಾಸ ವ್ಯತ್ಯಾಸವೇ ಅಲ್ಲವಂತೆ, ಹೆಂಗಸರ ಮೈ ಸಣ್ಣದಂತೆ. ಊಟ ನಿಂತ ಮೇಲೂ ಮಾಣಿಕಮ್ಮ ನಾಲ್ಕು ದಿನ ತಟ್ಟೆ ಹಿಡಿದು ಬಂದು ನಿಂತಿದ್ದಳೆಂದು ಗಯಾಸುದ್ದೀನ್ ಬರೆದಿದ್ದಾರೆ. ಕೊನೆಯ ದಿನ ಸಂಗಮ್ಮ ತನ್ನ ಮನೆಯ ರೊಟ್ಟಿ ಕೊಟ್ಟು ಕಳಿಸಿದಳಂತೆ.

ಸುಳ್ಳು ಅಂಕಿ ಊಟ ಹಾಕಿತು, ನಿಜದ ಅಂಕಿ ಕಸಿದುಕೊಂಡಿತು. ಇದಕ್ಕಾಗಿ ಇಷ್ಟು ಓದಬೇಕಿತ್ತೇ ಎಂದು ದಿನಾ ಅನ್ನಿಸುತ್ತದೆ. ನಾನು ನಿಮಗೆ ಹಾಗೆ ಬರೆಯಬಾರದಿತ್ತು. ನನ್ನ ಮೇಲೆ ಸಿಟ್ಟಿದ್ದರೆ ಅದನ್ನೇ ಬರೆಯಿರಿ, ಆದರೆ ಬರೆಯಿರಿ.

ದೀಪಾಲಿ


ಹುಮನಾಬಾದ
7 ಡಿಸೆಂಬರ್ 2001

ಚಿ. ದೀಪಾಲಿಗೆ ಮಾಸ್ತರನ ಆಶೀರ್ವಾದ.

ಸಿಟ್ಟಲ್ಲ. ಹೇಳಲು ಬಾಯಿ ಬರಲಿಲ್ಲ.

ಕಳೆದ ವರ್ಷ ನಿನ್ನ ಫಾರಂ ಮುಗಿಸಿ ಬರುವಾಗ ಗೋರ್ಟಾದ ಬಸ್ ನಿಲ್ದಾಣದಲ್ಲಿ ಕಸ್ತೂರಿ ಕುಸಿದು ಕೂತಳು. ಬಿಸಿಲು ಎಂದುಕೊಂಡೆವು. ಈ ಆಗಸ್ಟಿನಲ್ಲಿ ನಳದ ಹತ್ತಿರ ಬಿದ್ದಳು. ಡಾಕ್ಟರರು ಪರೀಕ್ಷೆ ಮಾಡಿ ಮೈಯಲ್ಲಿ ರಕ್ತ ಅರ್ಧಕ್ಕೆ ಇಳಿದಿದೆ ಎಂದರು. ಮನೆಯಲ್ಲಿ ಸರಿಯಾಗಿ ಉಣ್ಣುತ್ತಾರಾ ಎಂದು ನನ್ನನ್ನು ಕೇಳಿದರು. ಉಣ್ಣುತ್ತಾಳೆ ಎಂದು ಹೇಳಿದೆ. ಹೇಳಿ ಹೊರಗೆ ಬಂದ ಮೇಲೆ, ನನಗೆ ಹೇಗೆ ಗೊತ್ತು ಎಂದು ಯೋಚನೆ ಬಂತು. ಮದುವೆಯಾಗಿ ಮೂವತ್ತೆಂಟು ವರ್ಷವಾಯಿತು, ನಾನು ಉಂಡು ಕೈ ತೊಳೆದು ಕಟ್ಟೆಗೆ ಹೋಗಿ ಕೂರುತ್ತೇನೆ. ಅವಳು ಉಣ್ಣುವುದನ್ನು ನಾನು ನೋಡಿಯೇ ಇಲ್ಲ.

ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಐದೂವರೆ ಎಂದಾಗ ಅವಳು ನಕ್ಕಳು.

"ಅಷ್ಟು ಎಲ್ಲಿ ಉಣ್ತಾರ್ರಿ? ನಾ ಒಳಗಿಂದ ಕೂಗಾಕತ್ತಿದ್ದೆ, ಹೊರಗ ಕಟ್ಟೀ ಮ್ಯಾಲ ನೀವು, ನಿಮ್ಮ ಬಾಜೂಕ ಆಕಿ ಗಂಡ. ಹೊಟ್ಟಿ ತುಂಬ ಉಣ್ಣೂದಿಲ್ಲ ಅಂತ ಹೇಳಿ ಗಂಡನ ಮಾರಿ ತಗ್ಗಸ್ತಾಳೇನು? ಒಂದೆರಡು ಜಾಸ್ತಿನೇ ಹೇಳ್ತಿದ್ರು, ನಾ ಅದನ್ನೇ ಕೂಗ್ತಿದ್ದೆ. ಸೋಮವಾರ ಆದ್ರ ಖರೇ ಹೇಳ್ತಿದ್ರು. ಒಪ್ಪತ್ತು ಅಂದ್ರ ಯಾರ ಮಾರೀನೂ ಸಣ್ಣದಾಗೂದಿಲ್ಲ."

ನನಗೆ ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದೆ. ನೀವು ಕೇಳಲಿಲ್ಲ ಎಂದಳು. ಎರಡು ವರ್ಷದ ಹಿಂದೆ ನಾನು ನಿನಗೆ ಬರೆದ ಮಾತೇ ಅದು. ಅವಳಿಗೆ ನಾನು ಆ ಪತ್ರ ತೋರಿಸಿರಲಿಲ್ಲ.

ಅಂದರೆ ದೀಪಾಲಿ, ಮೊದಲನೆಯ ಸಲ ನಾನು ಹೋದ ದಿನ ತಪ್ಪು. ಎರಡನೆಯ ಸಲ ನಾನು ಕೂತ ಜಾಗ ತಪ್ಪು. ನಿನ್ನ ಮೂರೂ ಅಲ್ಲ, ಐದೂವರೆಯೂ ಅಲ್ಲ. ಎಷ್ಟು ಎಂದು ನನಗೆ ಗೊತ್ತಿಲ್ಲ. ಮೂರು ಊರು ತಿರುಗಿ ಕೇಳಿದವನಿಗೆ ನಾಚಿಕೆಯಾಯಿತು. ಇದನ್ನು ನೀನು ಅಚ್ಚಿನಲ್ಲಿ ಹೇಳಬೇಕಾದರೆ ನನ್ನ ಹೆಸರು ಹಾಕಿಯೇ ಹೇಳು, ಅಡಿಟಿಪ್ಪಣಿಯಲ್ಲಿ ಬೇಡ, ಮೇಲೆಯೇ ಹಾಕು. ಮುಂದಿನ ಸಲ ಕಸ್ತೂರಿಯ ಜೊತೆ ಒಳಗೆ ಕೂತು ಬರೆದುಕೊಳ್ಳಲು ಒಬ್ಬ ಹೆಣ್ಣುಮಗಳನ್ನು ಕೊಡು. ನಾನು ಬಸ್ ನಿಲ್ದಾಣದಲ್ಲಿ ಕೂತಿರುತ್ತೇನೆ.

ಹೊಸ ಫಾರಂ ಒಂದು ಉಳಿದಿತ್ತು. ಮೊನ್ನೆ ಬೆಳಿಗ್ಗೆಯಿಂದ ಕಟ್ಟೆಗೆ ಹೋಗದೆ ಅಡುಗೆಮನೆಯಲ್ಲಿ ಕೂತೆ. "ಏನ್ ಮಾಡಾಕತ್ತೀರಿ, ಹೊರಗ ಹೋಗ್ರಿ" ಎಂದು ಅವಳು ಎರಡು ಸಲ ಅಂದಳು. ಹೋಗಲಿಲ್ಲ. ನೋಡುವವನು ನಡುವೆ ಕೈ ಹಾಕಬಾರದು ಎಂದು ನೀನು ಸೂಚನೆಯಲ್ಲಿ ಬರೆದಿದ್ದೀಯಲ್ಲ, ಅದನ್ನು ಸಂಜೆಯವರೆಗೆ ಪಾಲಿಸಿದೆ. ಇಷ್ಟು ಕಷ್ಟದ ಲೆಕ್ಕ ನಾನು ಯಾವತ್ತೂ ಮಾಡಿಲ್ಲ. ಬೆಳಿಗ್ಗೆ ಚಹಾದ ಜೊತೆ ಹಿಂದಿನ ದಿನದ ಅರ್ಧ ರೊಟ್ಟಿ. ನನಗೆ ಮೂರು ಬಡಿಸಿ ನಾನು ಎದ್ದ ಮೇಲೆ ಒಂದೂವರೆ, ಪಲ್ಯದ ಪಾತ್ರೆಯನ್ನು ಅದೇ ರೊಟ್ಟಿಯಿಂದ ಒರೆಸಿಕೊಂಡು. ಬುಟ್ಟಿಯಲ್ಲಿ ಇನ್ನೂ ಎರಡು ಇದ್ದವು. ಅವು ನನ್ನ ರಾತ್ರಿಗೆ ಎಂದು ಮುಚ್ಚಿಟ್ಟಳು. ಸಂಜೆಗೆ ಸೂಚನೆಯ ಅವಧಿ ಮುಗಿಯಿತು, ನಾನೇ ಬುಟ್ಟಿ ತೆಗೆದು ಅವಳ ಮುಂದೆ ಇಟ್ಟೆ. ನೀವು ಎದುರಿಗೆ ಕೂತರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದಳು. ಆದರೂ ಕೂತೆ.

ಫಾರಂ ಇದರ ಜೊತೆಗಿದೆ. ನಿನ್ನ ಪಟ್ಟಿಯಲ್ಲಿ ಹುಮನಾಬಾದ ಇಲ್ಲ, ನಮ್ಮ ಮನೆಗೆ ನಂಬರೂ ಇಲ್ಲ, ಕಂಪ್ಯೂಟರಿಗೆ ಹಾಕಲು ಬರುವುದಿಲ್ಲ ಎಂದು ಗೊತ್ತು. ಆದರೂ ಒಂದೂ ಬಿಡದೆ ತುಂಬಿದ್ದೇನೆ.

ಮೂವತ್ತೇಳನೆಯ ಪ್ರಶ್ನೆಗೆ 'ಅಲ್ಲ' ಎಂದು ಬರೆದಿದ್ದೇನೆ. ಈ ಸಲ ಎರಡು ಸಲ ನೋಡಿಯೇ ಬರೆದೆ. ಅವತ್ತು ಬುಧವಾರ.

ಗುರುಲಿಂಗ